ಆರು ದೋಣಿ, ಎರಡು ಶಾಲೆ

ನಮ್ಮ ಶಾಲೆಯಲ್ಲಿ ಖೊಖೊ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವ ಮುನ್ನ ಟೇಪು ಹಿಡಿದು ಎರಡೆರಡು ಸಲ ಅಳೆಯುವ ರೂಢಿಯಿತ್ತು. ಬಾಸ್ಟನ್ ಸುತ್ತಮುತ್ತಲ ಹೈಸ್ಕೂಲುಗಳ ಹಾಯಿದೋಣಿ ಲೀಗ್‌ನಲ್ಲಿ ರೇಸ್ ಸಮಿತಿಯ ಕೆಲಸಕ್ಕೆ ನಿಂತವರಿಗೆ ಆ ಅಭ್ಯಾಸವೇ ದೊಡ್ಡ ಬಂಡವಾಳ. ನೀರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಹಾಗಾಗಿ ಎರಡೂ ತಂಡಗಳಿಗೆ ಸಮಪಾಲು ಸಿಗುವ ಹಾಗೆ ಮಾಡುವ ಕೆಲಸ ಬಹುಪಾಲು ದಡದಲ್ಲೇ ಮುಗಿಯಬೇಕು. ನಮ್ಮ ಶಾಲಾ ಪತ್ರಿಕೆಯ ಈ ಸಂಚಿಕೆಗೆ ಆ ಕೆಲಸವನ್ನೇ ವಿವರವಾಗಿ ಬರೆಯುತ್ತಿದ್ದೇನೆ. ಕೆರೆ ದಂಡೆಯ ಊರುಗಳಿಂದ ಬರುವ ಮಕ್ಕಳಿರುವ ಶಾಲೆ ನಮ್ಮದು, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಅಮೆರಿಕದಲ್ಲಿ ಹೈಸ್ಕೂಲ್ ಹಾಯಿದೋಣಿ ಸ್ಪರ್ಧೆಗಳನ್ನು 1930ರಿಂದ ನೋಡಿಕೊಂಡು ಬಂದಿರುವುದು ಇಂಟರ್‌ಸ್ಕೊಲಾಸ್ಟಿಕ್ ಸೇಲಿಂಗ್ ಅಸೋಸಿಯೇಷನ್. ಇಡೀ ದೇಶವನ್ನು ಏಳು ವಲಯಗಳಾಗಿ ಹಂಚಿಕೊಂಡಿದೆ, ಬಾಸ್ಟನ್ ಇರುವುದು ನ್ಯೂ ಇಂಗ್ಲೆಂಡ್ ವಲಯದಲ್ಲಿ. ರಾಷ್ಟ್ರಮಟ್ಟದಲ್ಲಿ ಮುಖ್ಯವಾದ ಟ್ರೋಫಿಗಳು ಮೂರು: ಇಬ್ಬರು ಕೂರುವ ದೋಣಿಗಳ ಫ್ಲೀಟ್ ರೇಸಿಗೆ (ಹಲವು ಶಾಲೆಗಳ ದೋಣಿಗಳು ಒಟ್ಟಿಗೆ ಓಡುವ ರೇಸ್) ಮ್ಯಾಲರಿ, ತಂಡ ತಂಡದ ರೇಸಿಗೆ ಬೇಕರ್, ಒಬ್ಬರೇ ನಡೆಸುವ ದೋಣಿಗೆ ಕ್ರೆಸಿ. ಹುಡುಗರು ಹುಡುಗಿಯರು ಒಂದೇ ತಂಡದಲ್ಲಿ, ಎಷ್ಟೋ ಸಲ ಒಂದೇ ದೋಣಿಯಲ್ಲಿ ಕೂತು ಸ್ಪರ್ಧಿಸುತ್ತಾರೆ. ಶಾಲಾ ಕ್ರೀಡೆಗಳಲ್ಲಿ ಇದು ಅಪರೂಪ. ಈ ಆಟದ ಮೇಲೆ ನನಗಿರುವ ಗೌರವಕ್ಕೆ ಅದೂ ಒಂದು ಕಾರಣ.

ಹೆಚ್ಚಿನ ಶಾಲೆಗಳಿಗೆ ಸ್ವಂತ ದೋಣಿ ಇರುವುದಿಲ್ಲ. ಒಂದು ಕ್ಲಬ್ಬಿನದೋ ಸಮುದಾಯ ಸೇಲಿಂಗ್ ಕೇಂದ್ರದ್ದೋ ದೋಣಿಗಳನ್ನು ಎರಡು ಮೂರು ಶಾಲೆಗಳು ಹಂಚಿಕೊಳ್ಳುತ್ತವೆ. ಬಳಕೆಯಲ್ಲಿರುವುದು ಕ್ಲಬ್ 420 ಅಥವಾ ಫ್ಲೈಯಿಂಗ್ ಜೂನಿಯರ್. 420 ಎಂದರೆ 4.2 ಮೀಟರ್ ಉದ್ದದ ದೋಣಿ. ಹಿಂದೆ ಚುಕ್ಕಾಣಿ ಮತ್ತು ದೊಡ್ಡ ಹಾಯಿ ಹಿಡಿದ ಸ್ಕಿಪ್ಪರ್, ಮುಂದೆ ಜಿಬ್ ಎಂಬ ಚಿಕ್ಕ ಹಾಯಿ ನೋಡಿಕೊಳ್ಳುವ ಕ್ರೂ. ಬಲೂನಿನಂತೆ ಉಬ್ಬುವ ಸ್ಪಿನ್ನೇಕರ್ ಹಾಯಿ, ದೋಣಿಯಾಚೆ ನೇತಾಡಲು ಬಳಸುವ ಟ್ರಪೀಜ್ ತಂತಿ ಎರಡನ್ನೂ ಶಾಲಾ ರೇಸಿನಲ್ಲಿ ಬಳಸುವುದಿಲ್ಲ.

ಋತು ಶುರುವಾಗುವ ಮುನ್ನ ಒಂದು ಇಡೀ ದಿನವನ್ನು ದೋಣಿಗಳನ್ನು ಒಂದೇ ಅಳತೆಗೆ ತರಲು ಮೀಸಲಿಡಬೇಕು. ಅಳತೆ ಟೇಪಿನ ತುದಿಯನ್ನು ಹಾಯಿ ಏರಿಸುವ ಹ್ಯಾಲ್ಯಾರ್ಡ್ ಹಗ್ಗದಲ್ಲಿ ಮಾಸ್ಟಿನ (ಹಾಯಿಕಂಬದ) ನೆತ್ತಿಗೆ ಏರಿಸಿ ದೋಣಿಯ ಹಿಂಬದಿಯ ಗೋಡೆಯಾದ ಟ್ರಾನ್ಸಮ್‌ವರೆಗೆ ಅಳೆದರೆ ಮಾಸ್ಟ್ ಎಷ್ಟು ಹಿಂದಕ್ಕೆ ವಾಲಿದೆ ಎಂದು ತಿಳಿಯುತ್ತದೆ. ಎಲ್ಲ ದೋಣಿಗಳಲ್ಲೂ ಈ ಅಳತೆ ಒಂದೇ ಆಗುವಂತೆ ಮಾಸ್ಟನ್ನು ಎರಡು ಬದಿಯಿಂದ ಹಿಡಿದಿಡುವ ಶ್ರೌಡ್ ತಂತಿಗಳ ತೂತು ಬದಲಿಸಿ, ತಂತಿಯನ್ನು ತೂತಿಗೆ ಸಿಕ್ಕಿಸುವ ಪಿನ್ನಿನ ಉಂಗುರಕ್ಕೆ ಅಂಟುಟೇಪು ಸುತ್ತಬೇಕು. ಅಂಟುಟೇಪು ಸುತ್ತದ ಉಂಗುರ ಜಿಬ್ ಹಗ್ಗಕ್ಕೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಪಿನ್ನು ಜಾರುತ್ತದೆ, ಮಾಸ್ಟ್ ನೆಲಕಚ್ಚುತ್ತದೆ. ಹಾಯಿಗಳನ್ನು ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಲೇಸು. ದುಡ್ಡು ಸಾಲದೆಂದು ಎರಡು ದೋಣಿಗೆ ಮಾತ್ರ ಹೊಸ ಹಾಯಿ ಕೊಟ್ಟರೆ ಇಡೀ ಋತು ಜಗಳ. ಇನ್ನೊಂದು ಸಣ್ಣ ವಸ್ತು ಹಿಂಬದಿಯ ಡ್ರೈನ್ ಪ್ಲಗ್, ಅಂದರೆ ನೀರು ಬಸಿಯುವ ತೂತಿನ ಬಿರಡೆ. ಅದನ್ನು ಹಾಕಲು ಮರೆತ ದೋಣಿಯ ಒಡಲಿಗೆ ನೀರು ನಿಧಾನ ಇಳಿಯುತ್ತದೆ, ಮಕ್ಕಳಿಗೆ ಅದು ಗೊತ್ತಾಗುವುದು ಮೂರನೇ ರೇಸಿನಲ್ಲಿ ದೋಣಿ ಭಾರವಾದಾಗ. ನೀರಿಗಿಳಿಸುವ ಕಟ್ಟೆಯ ಬಳಿ ಒಬ್ಬರು ನಿಂತು ಪ್ರತಿ ಪ್ಲಗ್ಗನ್ನೂ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಲ್ಲಿ ನೋಡಿದರೆ ಸಾಲದು.

ವಾರದ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುವುದು ಹೆಚ್ಚಾಗಿ ತಂಡದ ರೇಸ್. ಒಂದು ಶಾಲೆಯ ಮೂರು ದೋಣಿ, ಇನ್ನೊಂದು ಶಾಲೆಯ ಮೂರು. ಮೊದಲು ಬಂದವರಿಗೆ 1 ಅಂಕ, ಕೊನೆಯವರಿಗೆ 6, ಒಟ್ಟು 21. ಮೂವರ ಅಂಕ ಕೂಡಿಸಿ 10 ಅಥವಾ ಅದಕ್ಕಿಂತ ಕಡಿಮೆ ಬಂದ ತಂಡಕ್ಕೆ ಗೆಲುವು. 21 ಬೆಸ ಸಂಖ್ಯೆಯಾದ್ದರಿಂದ ಸಮ ಆಗುವ ಮಾತೇ ಇಲ್ಲ. ಮೊದಲೆರಡು ಸ್ಥಾನ ಸಿಕ್ಕಿದರೆ ಮೂರನೆಯವರು ಕೊನೆಗೆ ಬಂದರೂ ಗೆಲುವೇ. 2, 3, 4 ಬಂದರೆ 9, ಅದೂ ಗೆಲುವು. ಆದರೆ 1, 4, 6 ಎಂದರೆ 11: ಮೊದಲು ಬಂದ ದೋಣಿ ನಿಮ್ಮದೇ, ಸೋತ ತಂಡವೂ ನಿಮ್ಮದೇ. ಈ ಲೆಕ್ಕದಿಂದಲೇ ಆಟದ ಜಾಣ್ಮೆ ಹುಟ್ಟುತ್ತದೆ. ಮುಂದಿರುವ ಹುಡುಗಿ ಬುಯ್ (ದಾರಿ ಗುರುತಿಸಲು ಲಂಗರು ಹಾಕಿ ತೇಲಿಬಿಟ್ಟ ಬುರುಡೆ) ಬಳಿ ಹಾಯಿ ಸಡಿಲಿಸಿ ಬೇಕೆಂದೇ ನಿಲ್ಲುತ್ತಾಳೆ. ಬುಯ್ ಸುತ್ತುವ ಹಕ್ಕು ಅವಳದಾದ್ದರಿಂದ ಹಿಂದಿನ ಎದುರಾಳಿ ದೂರ ಸರಿಯಲೇಬೇಕು, ಅಷ್ಟರಲ್ಲಿ ಅವಳ ಜೊತೆಗಾರ ಒಳಗಿನಿಂದ ನುಸುಳುತ್ತಾನೆ. ತನ್ನ ಮೊದಲ ಸ್ಥಾನವನ್ನು ಪಣಕ್ಕಿಟ್ಟು ಐದನೆಯವನನ್ನು ಮೂರನೆಯವನಾಗಿ ಮಾಡುವ ಆ ನಿರ್ಧಾರ ಎರಡು ಮೂರು ಸೆಕೆಂಡಿನಲ್ಲಿ ಆಗುವಂಥದ್ದು. ಶಾಲಾ ಆಟಗಳಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಸ್ಟಾರ್ಟ್ ಗೆರೆ ನೆಟ್ಟಗಿರಬೇಕು. ಗಾಳಿ ಬರುವ ದಿಕ್ಕನ್ನು ಐದಾರು ನಿಮಿಷ ದಿಕ್ಸೂಚಿಯಲ್ಲಿ ನೋಡಿ ಸರಾಸರಿ ಹಿಡಿಯಿರಿ. ಗಾಳಿ 220 ಡಿಗ್ರಿಯಿಂದ ಬರುತ್ತಿದ್ದರೆ, ಬಲತುದಿಯ ಸಮಿತಿ ದೋಣಿಯಿಂದ ನೋಡಿದಾಗ ಎಡತುದಿಯ ಬುಯ್ 130 ಡಿಗ್ರಿಯಲ್ಲಿ ಕಾಣಬೇಕು. ಉದ್ದ, ಎಲ್ಲ ದೋಣಿಗಳ ಒಟ್ಟು ಉದ್ದದ ಒಂದೂಕಾಲರಿಂದ ಒಂದೂವರೆ ಪಟ್ಟು. ಆರು 420ಗಳಿಗೆ ಅದು 32ರಿಂದ 38 ಮೀಟರ್. ಗೆರೆ 35 ಮೀಟರ್ ಇದ್ದು ಬರೀ 5 ಡಿಗ್ರಿ ಓರೆಯಾದರೂ ಒಂದು ತುದಿಯವರಿಗೆ ಸುಮಾರು 3 ಮೀಟರ್ ಲಾಭ, ಅಂದರೆ ದೋಣಿಯ ಮುಕ್ಕಾಲು ಉದ್ದ. ಆಗ ಆರೂ ದೋಣಿಗಳು ಅದೇ ತುದಿಗೆ ಮುಗಿಬೀಳುತ್ತವೆ, ಡಿಕ್ಕಿಯಾಗುತ್ತದೆ.

ಬಾಸ್ಟನ್ ಬಂದರಿನಲ್ಲಿ ಉಬ್ಬರವಿಳಿತದ ವ್ಯತ್ಯಾಸ ಹತ್ತಿರ ಹತ್ತಿರ 3 ಮೀಟರ್. ಇಳಿತದಲ್ಲಿ ಹಾಕಿದ ಬುಯ್‌ಗೆ ಹಗ್ಗ ಗಿಡ್ಡವಾಗಿದ್ದರೆ ಉಬ್ಬರ ಬಂದಂತೆ ಅದು ಲಂಗರನ್ನೇ ಎತ್ತಿಕೊಂಡು ತೇಲಿಹೋಗುತ್ತದೆ. ಹಗ್ಗ ಉಬ್ಬರದ ಆಳವನ್ನು ನೋಡಿ ಬಿಡಬೇಕು. ಅಣೆಕಟ್ಟಿನ ಹಿಂದಿರುವ ಚಾರ್ಲ್ಸ್ ನದಿಯಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಕಟ್ಟಡಗಳ ಸಂದಿನಿಂದ ಬರುವ ಗಾಳಿ ಗಳಿಗೆಗೊಂದು ದಿಕ್ಕು ಹಿಡಿಯುತ್ತದೆ, ಆದ್ದರಿಂದ ಬುಯ್ ಹಾಕುವ ಮೋಟಾರು ದೋಣಿ ಸುಮ್ಮನೆ ನಿಲ್ಲುವ ಹಾಗಿಲ್ಲ.

ಸ್ಟಾರ್ಟಿಗೆ ಬಾವುಟಕ್ಕಿಂತ ಸೀಟಿಯೇ ಮುಖ್ಯ. 3 ನಿಮಿಷಕ್ಕೆ ಮೂರು ಉದ್ದ, 2 ನಿಮಿಷಕ್ಕೆ ಎರಡು ಉದ್ದ, ಒಂದೂವರೆಗೆ ಒಂದು ಉದ್ದ ಮೂರು ಗಿಡ್ಡ, 1 ನಿಮಿಷಕ್ಕೆ ಒಂದು ಉದ್ದ, 30 ಸೆಕೆಂಡಿಗೆ ಮೂರು ಗಿಡ್ಡ, 20ಕ್ಕೆ ಎರಡು, 10ಕ್ಕೆ ಒಂದು, ಆಮೇಲೆ 5ರಿಂದ ಸೆಕೆಂಡಿಗೊಂದು, ಸೊನ್ನೆಗೆ ಒಂದು ಉದ್ದ. ಸೀಟಿ ಊದುವವರೇ ಗೆರೆಯನ್ನೂ ನೋಡುತ್ತೇನೆಂದು ಹೊರಟರೆ ಎರಡೂ ಕೆಡುತ್ತವೆ. ಸಮಯಕ್ಕೆ ಒಬ್ಬರು, ಗೆರೆ ದಾಟಿದ ದೋಣಿಯ ಸಂಖ್ಯೆ ಕೂಗಲು ಇನ್ನೊಬ್ಬರು ಬೇಕೇ ಬೇಕು.

ನೀರಿನ ಮೇಲೆ ಸಾಮಾನ್ಯ ದಿನಗಳಲ್ಲಿ ಅಂಪೈರ್ ಇರುವುದಿಲ್ಲ. ಬಲಗಡೆಯಿಂದ ಗಾಳಿ ಹಿಡಿದ ದೋಣಿಗೆ ಎಡಗಡೆಯಿಂದ ಹಿಡಿದದ್ದು ದಾರಿ ಬಿಡಬೇಕು. ಒಂದೇ ಕಡೆಯಿಂದ ಗಾಳಿ ಹಿಡಿದು ಅಕ್ಕಪಕ್ಕ ಸಾಗುವಾಗ ಗಾಳಿ ಬರುವ ದಿಕ್ಕಿನಲ್ಲಿರುವುದು ದೂರ ಇರಬೇಕು. ತಪ್ಪಿದರೆ ಎದುರಾಳಿ "ಪ್ರೊಟೆಸ್ಟ್" ಎಂದು ಕೂಗಿದರೆ ಸಾಕು, 6 ಮೀಟರಿಗಿಂತ ಚಿಕ್ಕ ದೋಣಿಗೆ ಕೆಂಪು ಬಾವುಟದ ಅಗತ್ಯವಿಲ್ಲ. ತಪ್ಪು ಮಾಡಿದವರು ತಾವಾಗಿಯೇ ಬದಿಗೆ ಸರಿದು ದೋಣಿ ಸುತ್ತಿಸಬೇಕು: ಫ್ಲೀಟ್ ರೇಸಿನಲ್ಲಿ ಎರಡು ಸುತ್ತು, ತಂಡದ ರೇಸಿನಲ್ಲಿ ಒಂದು. ಬುಯ್ ತಾಗಿಸಿದರೂ ಒಂದು ಸುತ್ತು, ಯಾರೂ ನೋಡದಿದ್ದರೂ. ಈ ಅಭ್ಯಾಸವನ್ನು ಮೊದಲ ವಾರದಿಂದಲೇ ಕಲಿಸಬೇಕು. "ನೋಡೋಣ, ವಿಚಾರಣೆಯಲ್ಲಿ ವಾದಿಸೋಣ" ಎಂದು ತರಬೇತುದಾರರು ಒಮ್ಮೆ ಹೇಳಿಕೊಟ್ಟರೆ ಇಡೀ ಲೀಗ್ ಸಂಜೆ ಹೊತ್ತು ವಿಚಾರಣೆ ಕೋಣೆಯಲ್ಲೇ ಕಳೆಯುತ್ತದೆ.

ವಾರಾಂತ್ಯದ ಫ್ಲೀಟ್ ರೇಸ್ ಬೇರೆ ಬಗೆಯದು. ಪ್ರತಿ ಶಾಲೆಗೆ ಎ ಮತ್ತು ಬಿ ಎಂದು ಎರಡು ವಿಭಾಗ. ಒಂದು ವಿಭಾಗ ಓಡುವಾಗ ಇನ್ನೊಂದು ದಡದಲ್ಲಿ. ಎರಡೂ ವಿಭಾಗಗಳ ಅಂಕ ಕೂಡಿಸಿ ಕಡಿಮೆ ಬಂದವರಿಗೆ ಗೆಲುವು. ದೋಣಿಗಳು ಎಷ್ಟು ಸಮನಾಗಿದ್ದರೂ ಒಂದೆರಡು ನಿಧಾನದವು ಇದ್ದೇ ಇರುತ್ತವೆ, ಆದ್ದರಿಂದ ನಿಗದಿತ ರೇಸುಗಳ ನಂತರ ಶಾಲೆಗಳು ದೋಣಿ ಬದಲಿಸುತ್ತವೆ. ಅಂಕ ಬರೆಯುವವರಿಗೆ ಕಂಟಕ ಬರುವುದು ಇಲ್ಲೇ. ಗೆರೆಯಲ್ಲಿ ಕಾಣುವುದು ಹಾಯಿಯ ಸಂಖ್ಯೆ, ಶಾಲೆಯ ಹೆಸರಲ್ಲ. ಬದಲಾವಣೆ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ಅಲ್ಲಿಂದ ಮುಂದೆ ಎಲ್ಲರ ಅಂಕವೂ ಬೇರೆಯವರ ಖಾತೆಗೆ. ಒಬ್ಬರು ಬಂದ ಕ್ರಮದಲ್ಲಿ ಸಂಖ್ಯೆ ಓದಬೇಕು, ಇನ್ನೊಬ್ಬರು ಬರೆಯಬೇಕು, ಫೋನಿನಲ್ಲಿ ಧ್ವನಿಮುದ್ರಣವೂ ಇರಲಿ. ಪ್ರತಿ ಬದಲಾವಣೆಯಲ್ಲೂ ಸ್ಕಿಪ್ಪರ್ ತನ್ನ ಶಾಲೆಯ ಹೆಸರು, ಹಾಯಿಯ ಸಂಖ್ಯೆ ಎರಡನ್ನೂ ಕೂಗಿ ಹೇಳಲಿ. ಆಟಗಾರರ ತಪ್ಪಿಲ್ಲದೆ ಏನಾದರೂ ಮುರಿದರೆ ಸರಾಸರಿ ಅಂಕ ಕೇಳಬಹುದು, ಆದರೆ ತಕ್ಷಣ ಸಮಿತಿಗೆ ತಿಳಿಸಿ ಮುರಿದದ್ದನ್ನು ತೋರಿಸಬೇಕು.

ಮಾರ್ಚ್ ಕೊನೆಯಲ್ಲಿ ಅಲ್ಲಿನ ಸಮುದ್ರದ ನೀರು 5 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಲೈಫ್ ಜಾಕೆಟ್ ಜೊತೆಗೆ ನೀರು ಒಳಗಿಳಿಯದ ಡ್ರೈಸೂಟ್ ಬೇಕು. ಅದರ ಕುತ್ತಿಗೆ, ಮಣಿಕಟ್ಟಿನ ರಬ್ಬರು ಹರಿದಿದ್ದರೆ ಆ ದಿನ ಆ ಮಗು ನೀರಿಗೆ ಇಳಿಯಬಾರದು, ಎಷ್ಟೇ ಅತ್ತರೂ. ದೋಣಿ ಮಗುಚಿದಾಗ ರಕ್ಷಣಾ ದೋಣಿಯವರು ಮೊದಲು ಎಣಿಸಬೇಕಾದದ್ದು ತಲೆ. ಎರಡು ಕಂಡರೆ ಮಾತ್ರ ಉಸಿರು ಬಿಡಿ. ಹತ್ತಿರವಾದ ಕೂಡಲೇ ಎಂಜಿನ್ ನಿಲ್ಲಿಸಿ, ಮಕ್ಕಳನ್ನು ಮೊದಲು ಎತ್ತಿಕೊಳ್ಳಿ, ದೋಣಿ ಆಮೇಲೆ. ಆಳ ಕಡಿಮೆ ಇರುವಲ್ಲಿ ಪೂರ್ತಿ ಮಗುಚಿದ ದೋಣಿಯ ಮಾಸ್ಟ್ ಕೆಸರಲ್ಲಿ ನಾಟಿಕೊಳ್ಳುತ್ತದೆ. ಅವಸರದಲ್ಲಿ ಎಳೆದರೆ ಬಾಗಿ ಮುರಿಯುತ್ತದೆ, ನಾಟಿಕೊಂಡ ಕೋನಕ್ಕೆ ಸರಿಯಾಗಿ ನಿಧಾನ ಎಳೆಯಬೇಕು. ಗುಡುಗು ಕೇಳಿದರೆ ಎಲ್ಲರೂ ದಡಕ್ಕೆ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಲೇಬೇಕು. ಎಷ್ಟು ಜನ ಹೋದರು, ಎಷ್ಟು ಜನ ಬಂದರು ಎಂಬುದನ್ನು ಬಾಯಿಲೆಕ್ಕದಲ್ಲಿ ಬಿಡದೆ ಹಲಗೆಯ ಮೇಲೆ ಬರೆದಿಡಿ.

ನಮ್ಮ ಕಡೆಗೂ ಹಾಯಿದೋಣಿ ಹೊಸದಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರುಗಳ ತೃಷ್ಣಾ ಕ್ಲಬ್ಬಿನ ಹಾಯಿಗಳನ್ನು ಎಷ್ಟೋ ಜನ ನೋಡಿದ್ದಾರೆ, ಕೆಆರ್‌ಎಸ್ ಜಲಾಶಯದಲ್ಲೂ ಪಂದ್ಯಗಳು ನಡೆದಿವೆ. ಎರಡು ಶಾಲೆಗಳು ಶುರು ಮಾಡುವುದಾದರೆ ಮಕ್ಕಳು ಆಗಲೇ ಕಲಿಯುತ್ತಿರುವ ಆಪ್ಟಿಮಿಸ್ಟ್ ದೋಣಿಯೇ ಸಾಕು. 2.3 ಮೀಟರ್ ಉದ್ದ, ಒಂದೇ ಹಾಯಿ, ಒಬ್ಬರೇ ಮಗು. ಅದರಲ್ಲಿ ತಂಡಕ್ಕೆ ನಾಲ್ವರು, ಎಂಟು ದೋಣಿ, ಒಟ್ಟು 36 ಅಂಕ. 18-18 ಸಮವಾದರೆ ಮೊದಲ ಸ್ಥಾನ ಯಾರದ್ದಲ್ಲವೋ ಆ ತಂಡಕ್ಕೆ ಗೆಲುವು. ನಾಲ್ಕೈದು ಬುಯ್, ಲಂಗರು ಹಾಕಿದ ಒಂದು ಸಮಿತಿ ದೋಣಿ, ಎರಡು ರಕ್ಷಣಾ ದೋಣಿ, ಈಜು ಪರೀಕ್ಷೆ ಪಾಸಾದ ಮಕ್ಕಳು, ಒಂದು ಸೀಟಿ, ಎರಡು ಸ್ಟಾಪ್‌ವಾಚ್. ಸ್ಟಾಪ್‌ವಾಚ್ ಎರಡು ಯಾಕೆಂದರೆ ಒಂದು ನೀರಿಗೆ ಬಿದ್ದರೂ ಎಣಿಕೆ ನಿಲ್ಲಬಾರದು.