ನೆಟ್‌ಗ್ರೂಪಲ್ಲಿ ಖಾಲಿ ಬಿಟ್ಟ ಜಾಗ

ತುಮಕೂರಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸಿಸ್ಟಮ್‌ಗಳನ್ನ ನೋಡ್ಕೊಳೋ ಕೆಲಸ ನಂದು. ಹೋದ ಸೆಮಿಸ್ಟರ್ ಪ್ರಾಕ್ಟಿಕಲ್ ಎಕ್ಸಾಮ್‌ಗೆ ಇನ್ನೇನು ನಾಕು ದಿನ ಇದೆ ಅನ್ನೋವಾಗ ಪಾವಗಡ ಕಡೆ ಹುಡುಗ ಒಬ್ಬ ಬಂದು ಬಾಗಿಲ ಹತ್ರನೇ ನಿಂತ್ಕೊಂಡು "ಸಾರ್, ಪ್ರಶ್ನೆ ಇಟ್ಟಿರೋ ಪ್ರೋಗ್ರಾಮು ನನ್ನ ಲಾಗಿನ್ನಲ್ಲೂ ಓಪನ್ ಆಗ್ತಾ ಐತೆ, ಒಳಗೆ ಏನೂ ನೋಡಿಲ್ಲ ಸಾರ್" ಅಂದ. ನನಗೆ ಕೈಕಾಲೇ ತಣ್ಣಗಾಯ್ತು, ಯಾಕಂದ್ರೆ ಯಾರಿಗೆ ಬಿಡ್ಬೇಕು ಯಾರಿಗೆ ಬಿಡ್ಬಾರ್ದು ಅಂತ ಚೆಕ್ ಮಾಡೋ ಆ ಸಿ ಭಾಷೆ ಕೋಡ್ ಬರ್ದಿದ್ದು ನಾನೇ.

ನಮ್ಮಲ್ಲಿ ಯೂಸರ್, ಮಷೀನ್ ಪಟ್ಟಿ ಎಲ್ಲಾ ಎನ್‌ಐಎಸ್‌ನಲ್ಲಿದೆ, ಅಂದ್ರೆ ಪಟ್ಟಿ ಒಂದು ಸರ್ವರಲ್ಲಿಟ್ಟು ಎಲ್ಲ ಮಷೀನ್‌ಗಳೂ ಅಲ್ಲಿಂದ್ಲೇ ಓದ್ಕೊಳೋ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯೋರು ಮಾಡಿದ್ದು, ಮೊದ್ಲು ಯೆಲ್ಲೋ ಪೇಜಸ್ ಅಂತ ಹೆಸ್ರಿತ್ತು, ಆ ಹೆಸರು ಬ್ರಿಟಿಷ್ ಟೆಲಿಕಾಂ ಟ್ರೇಡ್‌ಮಾರ್ಕ್ ಆಗಿದ್ರಿಂದ ಬದಲಾಯಿಸಿದ್ರು, ಕಮಾಂಡ್‌ಗಳು ಮಾತ್ರ ಇವತ್ತಿಗೂ ವೈಪಿ ಅಂತಲೇ ಶುರುವಾಗೋದು. ಅದರ ಜೊತೆ ಬಂದಿದ್ದೇ ನೆಟ್‌ಗ್ರೂಪ್. ಮಾಮೂಲಿ ಗ್ರೂಪ್‌ನಲ್ಲಿ ಬರೀ ಯೂಸರ್ ಇರ್ತಾರೆ, ನೆಟ್‌ಗ್ರೂಪ್‌ನ ಒಂದೊಂದು ಎಂಟ್ರಿಲಿ ಮೂರು ಮನೆ: ಹೋಸ್ಟ್ (ಅಂದ್ರೆ ಮಷೀನ್), ಯೂಸರ್, ಡೊಮೇನ್. ಡೊಮೇನ್ ಅಂದ್ರೆ ಎನ್‌ಐಎಸ್ ಡೊಮೇನು, ವೆಬ್‌ಸೈಟ್‌ದಲ್ಲ. ಒಂದು ಗ್ರೂಪೊಳಗೆ ಇನ್ನೊಂದು ಗ್ರೂಪನ್ನೂ ಸೇರಿಸ್ಬೋದು.

ನಾನು ಕೋಡಲ್ಲಿ ಇನ್‌ನೆಟ್‌ಜಿಆರ್ ಫಂಕ್ಷನ್ ಕರೆದಿದ್ದೆ. ಅದಕ್ಕೆ ಗ್ರೂಪ್ ಹೆಸರು, ಹೋಸ್ಟ್, ಯೂಸರ್, ಡೊಮೇನ್ ಕೊಟ್ರೆ ಮ್ಯಾಚ್ ಆದ್ರೆ 1, ಇಲ್ದಿದ್ರೆ 0 ಕೊಡುತ್ತೆ. ಮೇಷ್ಟ್ರುಗಳ ಹೆಸರಿರೋ ಗ್ರೂಪಲ್ಲಿ ಈ ಯೂಸರ್ ಇದಾನಾ ಅಂತ ನೋಡೋದಷ್ಟೇ ನನಗೆ ಬೇಕಾಗಿದ್ದು, ಅದಕ್ಕೆ ಹೋಸ್ಟ್, ಡೊಮೇನ್ ಜಾಗಕ್ಕೆ ನಲ್ ಕೊಟ್ಟೆ. ನಲ್ ಅಂದ್ರೆ ಆ ಮನೆ ಏನಾದ್ರೂ ಇರ್ಲಿ, ನೋಡ್ಬೇಡ ಅಂತ. ಇಷ್ಟರವರೆಗೆ ಸರಿಯಾಗೇ ಇತ್ತು, ಎರಡು ವರ್ಷ ಓಡ್ತು ಕೂಡ.

ಆಮೇಲೆ ಎಕ್ಸಾಮ್ ಹಾಲಿನ ಮಷೀನ್‌ಗಳಿಗೆ ಎನ್‌ಎಫ್‌ಎಸ್ ಶೇರ್ (ನೆಟ್‌ವರ್ಕ್ ಮೇಲೆ ಹಂಚ್ಕೊಳೋ ಫೋಲ್ಡರ್) ಕೊಡ್ಬೇಕಾಯ್ತು. ಯಾವ ಮಷೀನ್‌ಗೆ ಶೇರ್ ಅಂತ ಬರೆಯೋ ಎಕ್ಸ್‌ಪೋರ್ಟ್ಸ್ ಫೈಲಲ್ಲಿ ನೆಟ್‌ಗ್ರೂಪ್ ಹೆಸರೇ ಹಾಕ್ಬೋದಲ್ಲ, ಹೆಂಗೂ ಒಂದು ಗ್ರೂಪ್ ಇದೆ ಅಂತ ಅದೇ ಗ್ರೂಪಿಗೆ (ಹಾಲ್‌ಪಿಸಿ1,,) (ಹಾಲ್‌ಪಿಸಿ2,,) ಅಂತ ಸೇರಿಸ್ಬಿಟ್ಟೆ. ಶೇರ್ ಮೌಂಟ್ ಆಯ್ತು, ಎಲ್ಲ ಸರಿ ಹೋಯ್ತು ಅಂದ್ಕೊಂಡು ಸಂಜೆ ಮನೆಗೆ ಹೊರಟೆ. ಆದ್ರೆ ನೆಟ್‌ಗ್ರೂಪಲ್ಲಿ ಖಾಲಿ ಮನೆ ಅಂದ್ರೆ ಯಾರೂ ಇಲ್ಲ ಅಂತಲ್ಲ, ಯಾರು ಬೇಕಾದ್ರೂ ಸರಿ ಅಂತ! ಹೋಸ್ಟ್ ನೋಡ್ಬೇಡ ಅಂತ ನಾನೇ ಹೇಳಿದೀನಿ, ಯೂಸರ್ ಮನೆ ಖಾಲಿ, ಡೊಮೇನೂ ಖಾಲಿ, ಅಲ್ಲಿಗೆ ಆ ಒಂದು ಎಂಟ್ರಿಗೆ ಇಡೀ ಕಾಲೇಜೇ ಮ್ಯಾಚು.

ಹುಡುಗನ್ನ ಪಕ್ಕದಲ್ಲೇ ಕೂರಿಸ್ಕೊಂಡು ಗ್ರೂಪೊಳಗೆ ಏನಿದೆ ಅಂತ ತೋರಿಸೋ ಗೆಟ್‌ಎಂಟ್ ನೆಟ್‌ಗ್ರೂಪ್ ಕಮಾಂಡ್ ಹೊಡೆದೆ, ಮೇಷ್ಟ್ರುಗಳ ಹೆಸರಿನ ಜೊತೆ ಹಾಲ್‌ಪಿಸಿ ಎಂಟ್ರಿಗಳು ಕಾಣ್ತು, ಅಲ್ಪವಿರಾಮದ ಪಕ್ಕ ಏನೂ ಇಲ್ಲ. ಕಾಲೇಜಲ್ಲೇ ಇಲ್ಲದ ಒಂದು ಹೆಸರು ಕೊಟ್ಟು ಟೆಸ್ಟ್ ಮಾಡಿದ್ರೆ ಅದಕ್ಕೂ 1 ಬಂತು. ಅವತ್ತೇ ಗ್ರೂಪ್ ಎರಡು ಮಾಡಿದೆ, ಯೂಸರ್‌ಗಳದ್ದೇ ಬೇರೆ, ಮಷೀನ್‌ಗಳದ್ದೇ ಬೇರೆ, ಮಷೀನ್ ಎಂಟ್ರಿಲಿ ಯೂಸರ್ ಮನೆಗೆ ಒಂದು ಅಡ್ಡಗೆರೆ ಹಾಕಿದೆ, (ಹಾಲ್‌ಪಿಸಿ1,-,) ಅಂತ. ಅಡ್ಡಗೆರೆ ಅಂದ್ರೆ ಈ ಮನೆಗೆ ಯಾರೂ ಬರಂಗಿಲ್ಲ ಅಂತ ಅರ್ಥ.

ಇನ್ನೊಂದು ಹೇಳ್ಬಿಡ್ತೀನಿ, ಗ್ರೂಪಲ್ಲಿ ಯಾರ್ಯಾರಿದಾರೆ ಅಂತ ಒಂದೊಂದಾಗಿ ಓದೋಕೆ ಸೆಟ್‌ನೆಟ್‌ಜಿಆರ್‌ಎಂಟ್, ಗೆಟ್‌ನೆಟ್‌ಜಿಆರ್‌ಎಂಟ್, ಮುಗಿಸೋಕೆ ಎಂಡ್‌ನೆಟ್‌ಜಿಆರ್‌ಎಂಟ್ ಇದಾವೆ. ಗೆಟ್ ಕೊಡೋ ಪಾಯಿಂಟರ್‌ಗಳನ್ನ (ಹೆಸರು ಮೆಮರಿಲಿ ಎಲ್ಲಿದೆ ಅನ್ನೋ ವಿಳಾಸ) ಹಂಗೇ ಇಟ್ಕೋಬೇಡಿ, ಮುಂದಿನ ಸಲ ಕರೆದಾಗ ಹಳೇದು ಅಳಿಸಿ ಹೋಗ್ಬೋದು, ಕಾಪಿ ಮಾಡ್ಕೊಳಿ. ಖಾಲಿ ಮನೆ ಇದ್ರೆ ಅದು ನಲ್ ಅಂತಲೇ ಬರುತ್ತೆ, ಆ ನಲ್ ಕಂಡ ಕಡೆ ಎರಡು ಸಲ ನೋಡಿ.

ಆ ಹುಡುಗ ಹೋಗೋವಾಗ ಅಡ್ಡಗೆರೆ ಹಾಕಿದ ಸಾಲನ್ನ ನೋಟ್‌ಬುಕ್‌ನಲ್ಲಿ ಬರ್ಕೊಂಡ. ಪ್ರಶ್ನೆಗಳನ್ನೆಲ್ಲ ಬದಲಾಯಿಸಿ ಅಂತ ಎಚ್‌ಓಡಿಗೆ ನಾನೇ ಹೋಗಿ ಹೇಳಿದೆ. ಈಗ ಗ್ರೂಪ್ ಫೈಲ್ ಮುಟ್ಟಿದಾಗೆಲ್ಲ ಆ ಇಲ್ಲದ ಹೆಸರು ಕೊಟ್ಟು ಮೊದ್ಲು ಓಡಿಸ್ತೀನಿ, 0 ಬಂದ್ಮೇಲೇನೇ ಸೀಟಿಂದ ಏಳೋದು.