ಮೀಟಿಂಗ್ ಹಿಂದಕ್ಕೋ ಮುಂದಕ್ಕೋ? ಆಫೀಸ್ ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳು

ಗ್ರಾಹಕರಿಗೆ ಹೋಗುವ ಇಂಗ್ಲಿಷ್ ಮೇಲ್‌ಗಳನ್ನು ಕಳಿಸುವ ಮುಂಚೆ ಓದಿ ತಿದ್ದುವುದು ನನ್ನ ಕೆಲಸ. ಹೊಸಬರಿಗೆ ಬರೆಯುವುದನ್ನು ಹೇಳಿಕೊಡುವುದೂ ಅದರ ಜೊತೆಗೇ ಬಂದಿದೆ. ಸ್ಪೆಲಿಂಗ್ ತಪ್ಪುಗಳನ್ನು ಈಗ ಕಂಪ್ಯೂಟರೇ ಹಿಡಿಯುತ್ತದೆ. ನನಗೆ ಉಳಿಯುವುದು ಜಾಸ್ತಿ ಫ್ರೇಸಲ್ ವರ್ಬ್‌ಗಳೇ. ಪುಟ್ ಆಫ್, ಲುಕ್ ಇನ್‌ಟು, ಸೆಟ್ ಅಪ್ ಥರದವು. ಒಂದು ಸಣ್ಣ ಕ್ರಿಯಾಪದ, ಅದರ ಬೆನ್ನಿಗೆ ಇನ್ನೂ ಸಣ್ಣದೊಂದು ಪದ, ಎರಡೂ ಸೇರಿದರೆ ಬೇರೆಯೇ ಅರ್ಥ.

ಇಂಥದ್ದು ನಮಗೇನೂ ಹೊಸದಲ್ಲ. ಹೇಳಿಕೊಟ್ಟ, ಹೇಳಿಕೊಂಡ, ಹೇಳಿಬಿಟ್ಟ. ಮೂವರೂ ಹೇಳಿದ್ದೇ. ಆದರೆ ಒಬ್ಬ ಪಾಠ ಮಾಡಿದ್ದಾನೆ, ಒಬ್ಬ ಕಷ್ಟ ತೋಡಿಕೊಂಡಿದ್ದಾನೆ, ಇನ್ನೊಬ್ಬನ ಬಾಯಲ್ಲಿ ಗುಟ್ಟು ನಿಂತಿಲ್ಲ. ಕನ್ನಡದಲ್ಲಿ ಇದನ್ನು ಯೋಚಿಸದೇ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ಹೊರಗಿನವರಿಗೆ ಯಾವಾಗಲೂ ತೊಡಕೇ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ನಿಘಂಟು ಹೊರತಂದಾಗ, ವಿದೇಶಿಯರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಇದೇ ಎಂದು ಮುನ್ನುಡಿಯಲ್ಲೇ ಬರೆದಿದ್ದ.

ಹೊಸಬರು ಬರುವಾಗ ತಲೆಯಲ್ಲಿ ಒಂದು ನಂಬಿಕೆ ಹೊತ್ತೇ ಬರುತ್ತಾರೆ. ಫ್ರೇಸಲ್ ವರ್ಬ್ ಅಂದರೆ ಆಡುಮಾತು, ಆಫೀಸ್ ಬರವಣಿಗೆಗೆ ಸಲ್ಲದು ಅಂತ. ಹಾಗಾಗಿ ಫೈಂಡ್ ಔಟ್ ಅನ್ನಬೇಕಾದಲ್ಲಿ ಅಸರ್ಟೇನ್ ಬರುತ್ತದೆ. ಓದಿದ ಗ್ರಾಹಕನಿಗೆ ಲಾಯರ್ ನೋಟಿಸ್ ಬಂದ ಹಾಗೆ ಅನಿಸಿದರೆ ಆಶ್ಚರ್ಯವಿಲ್ಲ. ತಮಾಷೆ ಅಂದರೆ, ಲಾಯರ್‌ಗಳ ಇಂಗ್ಲಿಷೇ ಫ್ರೇಸಲ್ ವರ್ಬ್‌ಗಳಿಂದ ತುಂಬಿದೆ. ಕರಾರು ಮಾಡಿಕೊಳ್ಳುವುದಕ್ಕೆ ಎಂಟರ್ ಇನ್‌ಟು, ಷರತ್ತುಗಳನ್ನು ವಿವರಿಸುವುದಕ್ಕೆ ಸೆಟ್ ಔಟ್, ಕೆಲಸ ನಡೆಸಿಕೊಡುವುದಕ್ಕೆ ಕ್ಯಾರಿ ಔಟ್. ಇನ್ನು ಲಾಗ್ ಇನ್, ಬ್ಯಾಕ್ ಅಪ್, ಶಟ್ ಡೌನ್ ಇವುಗಳಿಗೆ ಬದಲಾಗಿ ಗತ್ತಿನ ಪದ ಹುಡುಕಲು ಹೊರಟರೆ ಸಂಜೆಯಾಗುತ್ತದೆ ಅಷ್ಟೇ.

ಹಾಗಾಗಿ ಇದು ಫಾರ್ಮಲ್ಲೋ ಅಲ್ಲವೋ ಅನ್ನುವುದನ್ನು ನಾನು ಕೇಳುವುದೇ ಇಲ್ಲ. ಈ ವಾಕ್ಯವನ್ನು ಓದುವವರು ಇದಕ್ಕೆ ಎಷ್ಟು ಅರ್ಥ ಮಾಡಿಕೊಳ್ಳಬಹುದು? ಒಂದೇ ಆದರೆ ಧಾರಾಳವಾಗಿ ಬರೆಯಿರಿ. ಎರಡಾದರೆ ತೆಗೆಯಿರಿ, ಇಲ್ಲವೇ ಪಕ್ಕದಲ್ಲಿ ತಾರೀಖು ಹಾಕಿ.

ತಾರೀಖು ಯಾಕೆ ಅಂದರೆ, ಅತಿ ಜಾಸ್ತಿ ಗೊಂದಲ ಆಗುವುದು ಮೀಟಿಂಗ್ ಸಮಯ ಬದಲಾಯಿಸುವ ಮೇಲ್‌ಗಳಲ್ಲೇ. ಬ್ರಿಂಗ್ ಫಾರ್ವರ್ಡ್ ಅಂದರೆ ಗೊತ್ತುಮಾಡಿದ್ದಕ್ಕಿಂತ ಬೇಗ ನಡೆಸುವುದು. ಪುಶ್ ಬ್ಯಾಕ್ ಅಂದರೆ ತಡಮಾಡುವುದು. ಕನ್ನಡದ ತಲೆಗೆ ಇದು ಪೂರ್ತಿ ಉಲ್ಟಾ. ನಾವು ಮುಂದೂಡಿದೆವು, ಮುಂದಕ್ಕೆ ಹಾಕಿದೆವು ಅಂದರೆ ತಡವಾಗುತ್ತದೆ ಅಂತ. ಫಾರ್ವರ್ಡ್ ಅನ್ನುವುದನ್ನು ಮುಂದಕ್ಕೆ ಅಂತ ಓದಿಕೊಂಡವನು ಮಧ್ಯಾಹ್ನ ಆರಾಮಾಗಿ ಬರುತ್ತಾನೆ. ಮೀಟಿಂಗ್ ಬೆಳಿಗ್ಗೆಯೇ ಮುಗಿದಿರುತ್ತದೆ.

ಕನ್ನಡದವರಿಗಷ್ಟೇ ಈ ಪಾಡು ಅಂದುಕೊಳ್ಳಬೇಡಿ. ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ, ಹಾಗಾದರೆ ಯಾವ ದಿನ? ಮನೋವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಇಂಗ್ಲಿಷ್ ಮನೆಮಾತಾಗಿರುವವರಿಗೆ ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಅವರವರಲ್ಲೇ ಒಮ್ಮತ ಇಲ್ಲದ ಮೇಲೆ, ಬೇರೆ ಬೇರೆ ದೇಶದವರು ಓದುವ ಮೇಲ್‌ನಲ್ಲಿ ಆ ಮಾತು ಯಾಕೆ ಬೇಕು? ಮೀಟಿಂಗ್ ಈಗ ಸೋಮವಾರ, ಬುಧವಾರ ಅಲ್ಲ ಅಂತ ನೇರವಾಗಿ ಬರೆಸುತ್ತೇನೆ.

ಪುಶ್ ಬ್ಯಾಕ್‌ನಲ್ಲಿ ಇನ್ನೂ ಒಂದು ಗಂಟು ಇದೆ. ಒಂದೇ ಕರಡಿನಲ್ಲಿ ಬರಬಹುದಾದ ಎರಡು ವಾಕ್ಯ ನೋಡಿ. ದ ಕ್ಲೈಂಟ್ ಪುಶ್ಡ್ ಬ್ಯಾಕ್ ದ ಡೇಟ್. ದ ಕ್ಲೈಂಟ್ ಪುಶ್ಡ್ ಬ್ಯಾಕ್ ಆನ್ ದ ಡೇಟ್. ಮೊದಲನೆಯದರಲ್ಲಿ ಕ್ಲೈಂಟ್ ತಾರೀಖನ್ನು ಮುಂದೂಡಿದ್ದಾರೆ. ಎರಡನೆಯದರಲ್ಲಿ ಆ ತಾರೀಖಿಗೆ ತಕರಾರು ತೆಗೆದಿದ್ದಾರೆ. ನಡುವೆ ಇರುವ ವ್ಯತ್ಯಾಸ ಒಂದು ಆನ್. ಮ್ಯಾನೇಜರ್ ಮೊಬೈಲಿನಲ್ಲಿ ಓಡುತ್ತಾ ಓಡುತ್ತಾ ಓದುವಾಗ ಆ ಆನ್ ಕಾಣುತ್ತದಾ? ನನಗಂತೂ ನಂಬಿಕೆ ಇಲ್ಲ. ಪುಟ್ ಆಫ್ ಮತ್ತು ಕಾಲ್ ಆಫ್ ಕೂಡ ಇದೇ ಜಾತಿ. ಎರಡರಲ್ಲೂ ಆಫ್ ಇದೆ, ಆದರೆ ಮೊದಲನೆಯದರಲ್ಲಿ ಮೀಟಿಂಗ್ ಇನ್ನೊಂದು ದಿನ ನಡೆಯುತ್ತದೆ, ಎರಡನೆಯದರಲ್ಲಿ ನಡೆಯುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಗ್ರಾಹಕರಿಗೆ ಬರೆಯುವ ಉತ್ತರಗಳಲ್ಲಿ ಫ್ರೇಸಲ್ ವರ್ಬ್ ಇಲ್ಲದೇ ಹೋದರೆ ನನಗೆ ಬೇಸರ. ವಿ ಆರ್ ಲುಕಿಂಗ್ ಇನ್‌ಟು ಇಟ್ ಅನ್ನುವುದು ಎಲ್ಲರಿಗೂ ಬಾಯಿಪಾಠ. ತಪ್ಪಿಲ್ಲ, ಆದರೆ ಅದರಲ್ಲಿ ಸುದ್ದಿಯೂ ಇಲ್ಲ. ಕೆಲಸ ಎಲ್ಲಿಗೆ ಬಂತು ಅಂತ ಹೇಳುವ ಫ್ರೇಸಲ್ ವರ್ಬ್‌ಗಳು ಬೇರೆಯೇ ಇವೆ. ನೆಟ್‌ವರ್ಕ್‌ನಲ್ಲಿ ತೊಂದರೆ ಇಲ್ಲ ಅಂತ ಖಾತ್ರಿಯಾಗಿದ್ದರೆ ರೂಲ್ಡ್ ಔಟ್. ಹುಡುಕಾಟ ಒಂದೇ ಒಂದು ಸೆಟ್ಟಿಂಗ್‌ಗೆ ಬಂದು ನಿಂತಿದ್ದರೆ ನ್ಯಾರೋಡ್ ಡೌನ್. ಹೊಸ ಅಪ್‌ಡೇಟ್ ತೆಗೆದು ಹಳೆಯದನ್ನೇ ಹಾಕಿದ್ದರೆ ರೋಲ್ಡ್ ಬ್ಯಾಕ್. ಇವುಗಳಲ್ಲಿ ಯಾವುದಾದರೂ ಒಂದು ಮೇಲ್‌ನಲ್ಲಿದ್ದರೆ ಸಾಕು, ಈ ಕಡೆ ಯಾರೋ ನಿಜವಾಗಿ ಕೆಲಸ ಮಾಡುತ್ತಿದ್ದಾರೆ ಅಂತ ಗ್ರಾಹಕನಿಗೆ ಗೊತ್ತಾಗುತ್ತದೆ.

ಫ್ರೇಸಲ್ ವರ್ಬ್ ಬೇಡವೇ ಬೇಡ ಅನ್ನುವ ಜಾಗವೂ ಇದೆ. ವಿಮಾನ ರಿಪೇರಿಯ ಕೈಪಿಡಿಗಳಿಗೆ ಸರಳ ಇಂಗ್ಲಿಷಿನದೇ ಒಂದು ನಿಯಮಾವಳಿ ಇದೆ, ಈಗ ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಅದರ ಪ್ರಕಾರ ಫ್ರೇಸಲ್ ವರ್ಬ್ ಕಟ್ಟುವ ಹಾಗಿಲ್ಲ. ಬೆಂಕಿಗೆ ಪುಟ್ ಔಟ್ ನಡೆಯುವುದಿಲ್ಲ, ಎಕ್ಸ್‌ಟಿಂಗ್ವಿಶ್ ಅಂತಲೇ ಬರೆಯಬೇಕು. ಕೇಳಲು ಅತಿಯಾಯ್ತು ಅನಿಸಬಹುದು. ಆದರೆ ಅದನ್ನು ಓದುವ ಮೆಕ್ಯಾನಿಕ್‌ಗೆ ಇಂಗ್ಲಿಷ್ ಎರಡನೇ ಭಾಷೆಯೋ ಮೂರನೇ ಭಾಷೆಯೋ ಆಗಿರಬಹುದು, ಕೈಯಲ್ಲಿರುವುದು ವಿಮಾನ. ಯಂತ್ರದ ಎಚ್ಚರಿಕೆ ಸೂಚನೆಗಳನ್ನು ತಿದ್ದುವಾಗ ನಾನೂ ಈ ದಾರಿಯನ್ನೇ ಹಿಡಿಯುತ್ತೇನೆ.

ಇನ್ನು ಚಿಲ್ಲರೆ ಕಾಟಗಳು. ಲಾಗಿನ್, ಸೆಟಪ್, ಬ್ಯಾಕಪ್ ಇವು ಹೆಸರಾದಾಗ ಒಂದೇ ಪದ, ಕೆಲಸ ಮಾಡುವಾಗ ಎರಡು ಪದ. ಅನುಮಾನ ಬಂದರೆ ವಾಕ್ಯವನ್ನು ಭೂತಕಾಲಕ್ಕೆ ತಿರುಗಿಸಿ. ಲಾಗ್ಡ್ ಇನ್, ಬ್ಯಾಕ್ಡ್ ಅಪ್ ಅಂತ ಭೂತಕಾಲದ ಬಾಲ ನಡುವೆ ಬಂದು ಕೂತರೆ ಅಲ್ಲಿ ಜಾಗ ಬಿಟ್ಟು ಬರೆಯಬೇಕು. ಕೋಪ್ ಅಪ್ ವಿತ್ ಅಂತ ದಿನಾ ಕಾಣುತ್ತದೆ. ಬಹುಶಃ ಕೀಪ್ ಅಪ್ ವಿತ್‌ನ ಅಪ್ ಅಲ್ಲಿಗೆ ನುಗ್ಗಿದೆ. ಬರೀ ಕೋಪ್ ವಿತ್ ಸಾಕು.

ಇಟ್, ದೆಮ್ ಬಂದಾಗ ಅದನ್ನು ಎಲ್ಲಿ ಕೂರಿಸಬೇಕು ಅನ್ನುವುದು ಮಾತ್ರ ಸ್ವಲ್ಪ ಅಭ್ಯಾಸ ಬೇಡುತ್ತದೆ. ಸೆಟ್ ಅಪ್ ದ ಪ್ರಿಂಟರ್ ಅನ್ನಬಹುದು, ಸೆಟ್ ದ ಪ್ರಿಂಟರ್ ಅಪ್ ಅಂದರೂ ಸರಿ. ಆದರೆ ಪ್ರಿಂಟರ್ ಬದಲು ಇಟ್ ಬಂತೋ, ಸೆಟ್ ಇಟ್ ಅಪ್ ಒಂದೇ ದಾರಿ. ಹಾಗಂತ ಲುಕ್ ಇಟ್ ಇನ್‌ಟು ಅಂತ ಬರೆಯಲು ಹೋಗಬೇಡಿ, ಅದು ಒಡೆಯುವ ಜಾತಿಯದಲ್ಲ. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಅನ್ನುವುದಕ್ಕೆ ಪಟ್ಟಿ ಉರು ಹೊಡೆಯುವುದು ದಂಡ. ಕಲಿಯುವವರ ನಿಘಂಟುಗಳಲ್ಲಿ ನಡುವೆ ಸಮ್‌ಥಿಂಗ್ ಹಾಕಿ ತೋರಿಸಿರುತ್ತಾರೆ. ನನ್ನ ಟೀಮಿನವರಿಗೆ ಅದನ್ನೇ ಬುಕ್‌ಮಾರ್ಕ್ ಮಾಡಿಸಿಟ್ಟಿದ್ದೇನೆ.