ಹಸಿಮರಳಿನ ಎರಕ: ನೀರಿನ ಲೆಕ್ಕ, ತೂಕದ ಲೆಕ್ಕ

ಬೆಳಗಾವಿಯ ಉದ್ಯಮಬಾಗದಂಥ ಫೌಂಡ್ರಿಗಳ ಪ್ರದೇಶದಲ್ಲಿ ಬೀಡು ಕಬ್ಬಿಣದ ಮಾಲು ರಿಜೆಕ್ಟ್ ಆಗಿ ಬಂದರೆ ಮೊದಲು ಬೈಗುಳ ತಿನ್ನುವವನು ಫರ್ನೇಸಿನವನು. ಮೊದಲು ನೋಡಬೇಕಾದ್ದು ಮಾತ್ರ ಮರಳಿನ ಮಿಕ್ಸರ್. ಕಬ್ಬಿಣ ಹೊಯ್ಯುವ ಅಚ್ಚು ಆಗುವುದು ಅಲ್ಲಿ ನೀರು ಹಾಕಿ ಕಲಸಿದ ಹಸಿಮರಳಿನಿಂದಲೇ.

ನೂರು ಕೆಜಿ ಮರಳಿನಲ್ಲಿ ಸುಮಾರು 7–9 ಕೆಜಿ ಬೆಂಟೊನೈಟ್ (ಮರಳನ್ನು ಅಂಟಿಸುವ ಜೇಡಿ), 3–5 ಕೆಜಿ ಕಲ್ಲಿದ್ದಲ ಪುಡಿ, 3–4 ಲೀಟರ್ ನೀರು ಇರಬೇಕು. ಪ್ರತಿ ಬ್ಯಾಚಿಗೂ ಇಷ್ಟನ್ನು ಹೊಸದಾಗಿ ಸುರಿಯುವುದಲ್ಲ. ಹಳೇ ಮರಳನ್ನೇ ಜರಡಿ ಹಿಡಿದು ತಿರುಗಿ ಬಳಸುವುದರಿಂದ, ಹಿಂದಿನ ಎರಕದಲ್ಲಿ ಸುಟ್ಟುಹೋದಷ್ಟನ್ನು ತುಂಬಿಕೊಟ್ಟರೆ ಸಾಕು. ಮೊದಲು ನೀರು, ಆಮೇಲೆ ಬೆಂಟೊನೈಟ್. ಮರಳು ಇನ್ನೂ ಬಿಸಿ ಇದ್ದರೆ ಹಾಕಿದ ನೀರು ಮೋಲ್ಡಿಂಗ್ ಆಗುವಷ್ಟರಲ್ಲಿ ಆರಿಹೋಗುತ್ತದೆ, ಮರಳು ಪ್ಯಾಟರ್ನಿಗೂ (ಅಚ್ಚು ತೆಗೆಯುವ ಮಾದರಿಗೂ) ಮೆತ್ತಿಕೊಳ್ಳುತ್ತದೆ. ಪೂರ್ತಿ ತಣಿಯುವವರೆಗೆ ಕಾಯಬೇಕು.

ಒಂದು ಹಿಡಿ ಮರಳನ್ನು ಬಿಗಿಯಾಗಿ ಹಿಡಿದು ಬಿಡಿ. ಬೆರಳಿನ ಗುರುತು ಸ್ಪಷ್ಟವಾಗಿ ನಿಲ್ಲಬೇಕು, ಮುರಿದಾಗ ಅಂಚು ಉದುರಬಾರದು, ಅಂಗೈ ಒದ್ದೆಯಾಗಬಾರದು. ಇದರ ಜೊತೆಗೆ ಕಂಪ್ಯಾಕ್ಟಬಿಲಿಟಿಯನ್ನೂ, ಅಂದರೆ ಸಡಿಲ ಮರಳು ಬಡಿದಾಗ ಎತ್ತರದಲ್ಲಿ ಎಷ್ಟು ಪ್ರತಿಶತ ಕುಸಿಯುತ್ತದೆ ಎಂಬುದನ್ನೂ ಅಳೆಯಿರಿ. ಕೈಮೋಲ್ಡಿಂಗಿಗೆ 40–45 ಪ್ರತಿಶತ ಚೆನ್ನಾಗಿ ಹೊಂದುತ್ತದೆ. ನೀರು ಕಡಿಮೆಯಾದರೆ ಅಚ್ಚಿನ ಮೂಲೆ ಉದುರಿ ಮಾಲಿನೊಳಗೆ ಮರಳು ಸೇರುತ್ತದೆ. ಹೆಚ್ಚಾದರೆ ಇನ್ನೂ ಕಷ್ಟ: ನೀರು ಆವಿಯಾದಾಗ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದ ಆ ಆವಿ ಮೇಲ್ಮೈಯ ಕೆಳಗೇ ಬ್ಲೋಹೋಲ್ (ಗಾಳಿಗುಳಿ) ಆಗಿ ಉಳಿದು, ಗಿರಾಕಿ ಮಷೀನಿಂಗ್ ಮಾಡುವಾಗ ತೆರೆದುಕೊಳ್ಳುತ್ತದೆ. ಮರಳನ್ನು ಅತಿಯಾಗಿ ಗಟ್ಟಿ ಬಡಿದರೂ ಇದೇ ಗತಿ. ಸಡಿಲ ಬಿಟ್ಟರೆ ಅಚ್ಚಿನ ಗೋಡೆ ಹಿಂದೆ ಸರಿದು ಮಾಲು ಊದಿಕೊಳ್ಳುತ್ತದೆ. ಹದವಾಗಿ ಬಡಿದು, ಆವಿಗೆ ದಾರಿ ಮಾಡುವ ವೆಂಟ್ ಕಡ್ಡಿಯಿಂದ ಪ್ಯಾಟರ್ನಿನ ಹತ್ತಿರದವರೆಗೆ ಚುಚ್ಚಬೇಕು, ಪ್ಯಾಟರ್ನಿಗೆ ತಾಗಿಸಬಾರದು.

ಪ್ಯಾಟರ್ನಿನಲ್ಲಿ ಬೀಡಿಗೆ ಸುಮಾರು ಒಂದು ಪ್ರತಿಶತ ಕುಗ್ಗುವಿಕೆ ಬಿಡಬೇಕು: 500 ಮಿಮೀ ಬೇಕಿದ್ದರೆ 505. ಮಷೀನಿಂಗ್ ಅಲೋಯನ್ಸ್, ಅಂದರೆ ಆಮೇಲೆ ಕೆತ್ತಿ ತೆಗೆಯಲು ಬಿಡುವ ದಪ್ಪ, ಬೇರೆ.

ಅಚ್ಚು ಇರುವುದು ಒಂದರ ಮೇಲೊಂದು ಇಟ್ಟ ಎರಡು ಬಾಕ್ಸುಗಳಲ್ಲಿ. ತುಂಬಾ ಜನ ಅಂದಾಜಿನಲ್ಲೇ ಬಿಡುವುದು ಮೇಲಿನ ಬಾಕ್ಸಿನ ಮೇಲೆ ಇಡುವ ತೂಕವನ್ನು. ಕರಗಿದ ಕಬ್ಬಿಣ ಆ ಬಾಕ್ಸನ್ನು ಎತ್ತುತ್ತದೆ. 30×40 ಸೆಂಮೀ ಪ್ಲೇಟು, ಅದರ ಮೇಲ್ಮೈಯಿಂದ ಹೊಯ್ಯುವ ಬಾಯಿಯವರೆಗೆ 15 ಸೆಂಮೀ ಎತ್ತರ ಅಂದುಕೊಳ್ಳಿ. ಕರಗಿದ ಕಬ್ಬಿಣ ಘನ ಸೆಂಮೀಗೆ ಸುಮಾರು 7 ಗ್ರಾಂ. 1200 × 15 × 7 ಗ್ರಾಂ, ಅಂದರೆ 126 ಕೆಜಿ ಒತ್ತಡ. 45×55 ಬಾಕ್ಸಿನಲ್ಲಿ 15 ಸೆಂಮೀ ಮರಳಿದ್ದರೆ ಅದರ ತೂಕ 60 ಕೆಜಿ ಆಸುಪಾಸು. ಕಬ್ಬಿಣ ರಭಸದಿಂದ ಬಂದು ತುಂಬುವುದರಿಂದ ಒತ್ತಡವನ್ನು ಒಂದೂವರೆ ಪಟ್ಟು ಹಿಡಿದು, ಉಳಿದ 130 ಕೆಜಿಯನ್ನು ಮೇಲೆ ಹೇರಬೇಕು ಅಥವಾ ಕ್ಲ್ಯಾಂಪ್ ಬಿಗಿಯಬೇಕು. ಮಾಲಿನೊಳಗೆ ಪೊಳ್ಳು ಬರಲು ಇಡುವ ಕೋರ್ ಇದ್ದರೆ ಅದರ ತೇಲುವಿಕೆಯನ್ನೂ ಸೇರಿಸಿ. ಇಲ್ಲದಿದ್ದರೆ ಬಾಕ್ಸುಗಳ ಸಂದಿಯಿಂದ ಕಬ್ಬಿಣ ಕಾಲ ಮೇಲೇ ಹರಿದೀತು.

ಕಬ್ಬಿಣ ಹೊಯ್ಯುವ ಪಾತ್ರೆ, ಲ್ಯಾಡಲ್, ಕೆಂಪಗೆ ಕಾದಿರಲಿ, ನೆಲದಲ್ಲಿ ನೀರು ನಿಂತಿರಬಾರದು. ಕರಗಿದ ಕಬ್ಬಿಣದಡಿ ಸಿಕ್ಕ ನೀರು ಸಿಡಿಯುತ್ತದೆ. ಸಾಧಾರಣ ದಪ್ಪದ ಮಾಲಿಗೆ 1350–1400 ಡಿಗ್ರಿ ಸೆಲ್ಸಿಯಸ್ ಸಾಕು, ತೆಳುವಾದದ್ದಕ್ಕೆ ಇನ್ನಷ್ಟು ಬಿಸಿ ಬೇಕು. ಹೊಯ್ಯುವ ಬಾಯಿ ಕೊನೆಯವರೆಗೂ ತುಂಬಿರಲಿ. ನಡುವೆ ಧಾರೆ ಕಡಿದರೆ ಎರಡು ಅಲೆಗಳು ಬೆಸೆಯದೆ ಕೋಲ್ಡ್ ಶಟ್ ಆಗುತ್ತದೆ, ಆ ಮಾಲು ನೇರ ಸ್ಕ್ರ್ಯಾಪಿಗೆ.